12 ದಿನದ ಕೋಳಿ ಮರಿಗಳ ಬೆರಳು ಒಳಕ್ಕೆ ಮಡಚಿಕೊಂಡಿವೆ, ನೀರಿಗೆ ವಿಟಮಿನ್ ಹಾಕಿದರೆ ಸಾಕಾ?

ಶಿಡ್ಲಘಟ್ಟ ನಾಟಿ ಫಾರಂ

ಎಲ್ಲರಿಗೂ ನಮಸ್ಕಾರ. 220 ನಾಟಿ ಮರಿ ಇವೆ, ಇವತ್ತಿಗೆ 12 ದಿನ. ಅದರಲ್ಲಿ 14 ಮರಿ ಕಾಲಿನ ಗಂಟಿನ ಮೇಲೆ ಕೂತುಬಿಡುತ್ತವೆ. ಬೆರಳು ಮುಷ್ಟಿ ಕಟ್ಟಿದ ಹಾಗೆ ಒಳಕ್ಕೆ ಮಡಚಿಕೊಂಡಿವೆ. ಕಣ್ಣು ಚುರುಕಾಗಿದೆ, ಮೇವು ಹಾಕಿದರೆ ರೆಕ್ಕೆ ಬಡಿದುಕೊಂಡು ತೆವಳಿ ಬರುತ್ತವೆ. ಹಿಕ್ಕೆ ಸ್ವಲ್ಪ ತೆಳು, ರಕ್ತ ಇಲ್ಲ.

ಮೇವು ಮನೆಯದೇ. 100 ಕಿಲೋಗೆ ಮುಸುಕಿನ ಜೋಳ 40, ರಾಗಿ 20, ಅಕ್ಕಿ ತೌಡು 20, ಒಣಗಿಸಿದ ರೇಷ್ಮೆ ಪ್ಯೂಪಾ 18, ಖನಿಜ ಮಿಶ್ರಣ 2. ವಿಟಮಿನ್ ಪ್ರೀಮಿಕ್ಸ್ (ಮೇವಿಗೆ ಬೆರೆಸುವ ವಿಟಮಿನ್ ಪುಡಿ) ಹಾಕಿಲ್ಲ. ಬದಲಿಗೆ ವಾರಕ್ಕೆ ಎರಡು ದಿನ ನೀರಿಗೆ ವಿಟಮಿನ್ ದ್ರಾವಣ, ಲೇಬಲ್ ಮೇಲೆ ಎ, ಡಿ3, ಇ ಅಂತಿದೆ. ಮಾರೆಕ್ಸ್ (ನರಕ್ಕೆ ಬರುವ ವೈರಸ್ ರೋಗ) ಲಸಿಕೆ ಹ್ಯಾಚರಿಯಲ್ಲೇ ಆಗಿದೆ, 6ನೇ ದಿನ ಲಸೋಟ (ಕೊಕ್ಕರೆ ರೋಗದ ಲಸಿಕೆ) ಕಣ್ಣಿಗೆ ಬಿಟ್ಟಿದೆ.

ಪಕ್ಕದ ಶೆಡ್ಡಿನಲ್ಲಿ 19 ದಿನದ ಬ್ಯಾಚಿದೆ. ಅಲ್ಲಿ 3 ಮರಿ ತಲೆ ಹಿಂದಕ್ಕೆ ತಿರುಚಿಕೊಂಡು ಮಗುಚಿ ಬಿದ್ದು ಕಾಲು ಒದೆಯುತ್ತಿವೆ. ಎರಡೂ ಒಂದೇ ತೊಂದರೆಯಾ? ದ್ರಾವಣದ ಪ್ರಮಾಣ ಜಾಸ್ತಿ ಮಾಡಬೇಕಾ?

ಪಶುವೈದ್ಯ, ತುಮಕೂರು

ದ್ರಾವಣ ಜಾಸ್ತಿ ಮಾಡಬೇಡಿ. ನಿಮ್ಮ ದ್ರಾವಣದಲ್ಲಿ ಬಿ2 ಇಲ್ಲವೇ ಇಲ್ಲ, ಇಲ್ಲದ್ದನ್ನು ಎಷ್ಟು ಪಟ್ಟು ಹೆಚ್ಚಿಸಿದರೂ ಇಲ್ಲದ್ದೇ. ಎರಡು ಶೆಡ್ಡಿನ ತೊಂದರೆ ಬೇರೆ ಬೇರೆ. ಮೊದಲು 12 ದಿನದವು.

10ರಿಂದ 14 ದಿನದೊಳಗೆ, ಎರಡೂ ಕಾಲಿನ ಬೆರಳು ಕೆಳಕ್ಕೆ ಒಳಕ್ಕೆ ಮಡಚಿ, ಮರಿ ಚುರುಕಾಗಿದ್ದು ಮೇವು ಬಯಸುತ್ತಿದ್ದರೆ ಮೊದಲ ಅನುಮಾನ ಬಿ2, ಅಂದರೆ ರೈಬೋಫ್ಲೇವಿನ್ ಕೊರತೆ. ಕಾಲಿನ ದೊಡ್ಡ ನರ ಊದಿಕೊಂಡು ಬೆರಳು ಬಿಚ್ಚುವ ಶಕ್ತಿ ಹೋಗಿರುತ್ತದೆ. ಆದರೆ ಇವನ್ನು ತಳ್ಳಿಹಾಕಿಕೊಂಡೇ ಮುಂದೆ ಹೋಗಿ:

ಬೆರಳು ಪಕ್ಕಕ್ಕೆ ಸೊಟ್ಟಗಿದ್ದು ಮರಿ ಅದರ ಮೇಲೇ ನಡೆಯುತ್ತಿದ್ದರೆ ಅದು ಕೊರತೆಯಲ್ಲ. ವಂಶದಿಂದ ಅಥವಾ ಇನ್‌ಕ್ಯುಬೇಟರಿನ ಶಾಖದ ಏರುಪೇರಿನಿಂದ ಬಂದ ಸೊಟ್ಟ ಬೆರಳು. ಕಾಲು ಎರಡೂ ಪಕ್ಕಕ್ಕೆ ಜಾರಿ ಕತ್ತರಿಯಂತೆ ಅಗಲಿಸಿದ್ದರೆ ನೆಲ ನುಣುಪು ಅಂತ ಅರ್ಥ. ಒಂದು ಕಾಲು ಮುಂದೆ, ಒಂದು ಹಿಂದೆ ಚಾಚಿಕೊಂಡಿದ್ದರೆ ಮಾರೆಕ್ಸ್ ನೆನಪಿಗೆ ಬರಬೇಕು, ಆದರೆ ಅದು ಮೂರು ವಾರಕ್ಕಿಂತ ಮುಂಚೆ ಕಾಣಿಸುವುದು ಅಪರೂಪ. ಮರಿ ಕೊಯ್ದು ನೋಡಿದರೂ ಎರಡರಲ್ಲೂ ನರ ದಪ್ಪ ಕಾಣುತ್ತದೆ. ಹಾಗಾಗಿ ವಯಸ್ಸು ಮತ್ತು ಮೇವಿನ ಲೆಕ್ಕವೇ ನಿಮ್ಮ ಸಾಕ್ಷಿ. ಕೈಯಲ್ಲಿ ಹಿಡಿದಾಗ ತಲೆ, ಮೈ ಗಡಗಡ ನಡುಗಿದರೆ ಅದು ವೈರಸ್ಸಿನ ಮೆದುಳು ರೋಗ ಇರಬಹುದು, ವಿಟಮಿನ್ ಅದಕ್ಕೆ ಏನೂ ಮಾಡುವುದಿಲ್ಲ.

ಚಿಕಿತ್ಸೆ: ಮರಿಗೆ ದಿನಕ್ಕೆ 100 ಮೈಕ್ರೋಗ್ರಾಂ ಬಿ2, ಎರಡು ದಿನ, ಬಾಯಿಗೆ. 10 ಮಿ.ಗ್ರಾಂ ರೈಬೋಫ್ಲೇವಿನ್ ಇರುವ ಒಂದು ಮಾತ್ರೆ ನುಣ್ಣಗೆ ಪುಡಿ ಮಾಡಿ, ಉಗುರುಬೆಚ್ಚಗಿನ 100 ಮಿಲಿ ನೀರಿಗೆ ಹಾಕಿ. ಆಗ 1 ಮಿಲಿ ಅಂದರೆ ಒಂದು ಮರಿಯ ಡೋಸು. ಬಿ2 ನೀರಲ್ಲಿ ಚೆನ್ನಾಗಿ ಕರಗುವುದಿಲ್ಲ, ತಳ ಕಟ್ಟುತ್ತದೆ, ಪ್ರತಿ ಮರಿಗೂ ಮುಂಚೆ ಅಲುಗಾಡಿಸಿ. ಸೂಜಿ ತೆಗೆದ ಸಿರಿಂಜಿನಿಂದ ಕೊಕ್ಕಿನ ಪಕ್ಕದಲ್ಲಿ ಹನಿ ಹನಿ ಬಿಡಿ. ಒಮ್ಮೆಲೇ ಗಂಟಲಿಗೆ ಒತ್ತಿದರೆ ಶ್ವಾಸನಾಳಕ್ಕೆ ಹೋಗಿ ಮರಿ ಅಲ್ಲೇ ಸಾಯುತ್ತದೆ. 1 ಮಿಲಿಯನ್ನು ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಮಾಡಿದರೆ ಸಲೀಸು. ಬೆಳಕಿಗೆ ಬಿ2 ಹಾಳಾಗುತ್ತದೆ, ಬಾಟಲಿಗೆ ಕಾಗದ ಸುತ್ತಿ, ದಿನಾ ಹೊಸದಾಗಿ ಮಾಡಿ.

ಬೇಗ ಹಿಡಿದವು ಬಿಚ್ಚಿಕೊಳ್ಳುತ್ತವೆ. ಬೆರಳು ಮಡಚಿ ಬಹಳ ದಿನ ಆಗಿದ್ದರೆ ನರ ಸರಿಹೋಗುವುದಿಲ್ಲ. ಆ 14 ಮರಿಗಳನ್ನು ಬೇರೆ ಇಡಿ, ಇಲ್ಲದಿದ್ದರೆ ಉಳಿದವು ತುಳಿದು, ಮೇವು ನೀರು ಸಿಗದೇ ಸಾಯುತ್ತವೆ. ಈ ಕೊರತೆಯಲ್ಲಿ ಸಾವಿಗೆ ಎಷ್ಟೋ ಸಲ ಹಸಿವು ಬಾಯಾರಿಕೆಯೇ ಕಾರಣ. ತಗ್ಗಾದ ತಟ್ಟೆಯಲ್ಲಿ ಮೇವು ನೀರು ಪಕ್ಕದಲ್ಲೇ ಇಡಿ.

ಫೀಡ್ ಮಿಕ್ಸಿಂಗ್, ಮಾಲೂರು

ಅಣ್ಣ, ನಿಮ್ಮ ಮೇವಿನ ಲೆಕ್ಕ ಹಾಕಿ ನೋಡೋಣ. ಜೋಳದಲ್ಲಿ ಕಿಲೋಗೆ ಬಿ2 ಸುಮಾರು 1 ಮಿ.ಗ್ರಾಂ, ರಾಗಿಯಲ್ಲಿ ಒಂದೂವರೆ ದಾಟುತ್ತೆ, ತೌಡಲ್ಲಿ ಎರಡೂವರೆ ಆಸುಪಾಸು. ನಿಮ್ಮ ಪ್ರಮಾಣದಲ್ಲಿ ಈ ಮೂರೂ ಸೇರಿ ಕಿಲೋ ಮೇವಿಗೆ ಒಂದೂಕಾಲು ಮಿ.ಗ್ರಾಂ ಬರುತ್ತೆ. ಮರಿಗೆ ಕನಿಷ್ಠ ಬೇಕಾಗಿದ್ದು ಕಿಲೋಗೆ 3.6. ಮೂರನೇ ಒಂದು ಪಾಲು ಮಾತ್ರ ಸಿಗ್ತಿದೆ. ಪ್ಯೂಪಾದ್ದು ಲೆಕ್ಕಕ್ಕೆ ಹಿಡೀಬೇಡಿ. ನೂಲು ಬಿಚ್ಚೋ ಬಿಸಿನೀರಲ್ಲಿ ಬೆಂದು, ಆಮೇಲೆ ಬಿಸಿಲಲ್ಲಿ ಹರಡಿರೋ ಮಾಲು ಅದು. ಬಿ2 ನೀರಿಗೂ ಹೋಗುತ್ತೆ, ಬಿಸಿಲಿಗೂ ಹೋಗುತ್ತೆ.

ಮರಿ ಹುಟ್ಟಿದಾಗ ಹಳದಿ ಭಾಗದಿಂದ ಬಂದ ದಾಸ್ತಾನು ಸ್ವಲ್ಪ ದಿನ ಕಾಪಾಡುತ್ತೆ. ಅದಕ್ಕೇ ಮೊದಲ ವಾರ ಏನೂ ಕಾಣಲ್ಲ, ಎರಡನೇ ವಾರ ಒಂದೇ ಸಲಕ್ಕೆ ಕೂರ್ತವೆ.

ಈಗ ಆ 19 ದಿನದ ಮರಿಗಳು. ನನ್ನ ಅನುಮಾನ ಪ್ಯೂಪಾ ಮೇಲೆ. ಎಣ್ಣೆ ತೆಗೆಯದ ಒಣ ಪ್ಯೂಪಾದಲ್ಲಿ ಕಾಲು ಭಾಗ ಅಥವಾ ಇನ್ನೂ ಹೆಚ್ಚು ಕೊಬ್ಬು. ಅದು ಗಾಳಿ ತಾಕಿದರೆ ಬೇಗ ಕಮಟು ಹಿಡಿಯೋ ಜಾತಿ ಕೊಬ್ಬು. ಕಮಟು ಹಿಡಿದ ಕೊಬ್ಬು ಮೇವಲ್ಲಿರೋ ವಿಟಮಿನ್ ಇ ಅನ್ನ ಸುಟ್ಟುಹಾಕುತ್ತೆ, ಮರಿಯ ಮೈಯಲ್ಲಿರೋದನ್ನೂ ಖರ್ಚು ಮಾಡಿಸುತ್ತೆ. ಎರಡರಿಂದ ನಾಲ್ಕು ವಾರದ ಮರಿಯಲ್ಲಿ ಚಿಕ್ಕ ಮೆದುಳು ಮೆತ್ತಗಾಗಿ, ಅಲ್ಲಿ ರಕ್ತ ಕಾಣಿಸಿ, ಮರಿ ಹೀಗೇ ತಲೆ ತಿರುಚಿ ಬೀಳುತ್ತೆ.

ಪರೀಕ್ಷೆ ಸುಲಭ. ಒಂದು ಹಿಡಿ ಪ್ಯೂಪಾ ಬೆಚ್ಚಗಿನ ಅಂಗೈಯಲ್ಲಿ ಉಜ್ಜಿ ಮೂಸಿ. ಪ್ಯೂಪಾದ ಸಹಜ ವಾಸನೆ ಬೇರೆ, ಹಳೇ ಎಣ್ಣೆ ಡಬ್ಬ ಅಥವಾ ಬಣ್ಣದ ಡಬ್ಬದ ಖಾರ ವಾಸನೆ ಬೇರೆ. ಎರಡನೇದು ಬಂದರೆ, ಬೆರಳಿಗೆ ಅಂಟಂಟು ಹತ್ತಿದರೆ, ಮರಿಗೆ ಒಂದು ಗ್ರಾಮೂ ಬೇಡ.

ಅಕ್ಕಿ ತೌಡೂ ಹಾಗೇ. ಎಣ್ಣೆ ತೆಗೆಯದ ತೌಡು ಮಿಲ್ಲಿಂದ ತಂದು ಕೆಲವೇ ದಿನದಲ್ಲಿ ಕಹಿಯಾಗುತ್ತೆ. ಮರಿ ಮೇವಿಗೆ ಎಣ್ಣೆ ತೆಗೆದ ತೌಡು ಬಳಸಿ.

ಪಶುವೈದ್ಯ, ತುಮಕೂರು

ಮಾಲೂರಿನವರ ಮಾತಿನಲ್ಲಿ ಸತ್ವ ಇದೆ, ಆದರೂ ಕುತ್ತಿಗೆ ತಿರುಚಿದ ಮರಿ ಕಂಡ ಕೂಡಲೇ ಇ ಕೊರತೆ ಎಂದು ತೀರ್ಮಾನಿಸಬೇಡಿ. ಕೊಕ್ಕರೆ ರೋಗದಲ್ಲೂ (ರಾಣಿಖೇತ್) ಕುತ್ತಿಗೆ ತಿರುಚುತ್ತದೆ. ಅದರ ಜೊತೆ ಬಾಯಿ ತೆರೆದು ಉಸಿರಾಟ, ಹಸಿರು ಹಿಕ್ಕೆ, ದಿನದಿಂದ ದಿನಕ್ಕೆ ಏರುವ ಸಾವು ಇದ್ದರೆ ರೋಗವೇ. ಲಸೋಟ ಕೊಟ್ಟಿದ್ದೀರಿ ಎಂಬುದು ಪೂರ್ಣ ರಕ್ಷಣೆಯಲ್ಲ, ಸಾಗಾಟದಲ್ಲಿ ಬಿಸಿಯಾದ ಲಸಿಕೆ ಬರೀ ನೀರು.

ಹೊಸದಾಗಿ ಸತ್ತ ಎರಡು ಮರಿ, ನರಳುತ್ತಿರುವ ಒಂದೆರಡು ಮರಿ ತಾಲ್ಲೂಕು ಪಶು ಆಸ್ಪತ್ರೆಗೆ ಕೊಂಡೊಯ್ಯಿರಿ. ಅಲ್ಲಿಂದ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಗೆ ಕಳಿಸಲು ಕೇಳಿ. ಸತ್ತದ್ದನ್ನು ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ ಐಸ್ ಪಕ್ಕ ಇಡಿ, ಫ್ರೀಜರಿಗೆ ಹಾಕಬೇಡಿ. ಹೆಪ್ಪುಗಟ್ಟಿದ ಮೆದುಳಿನಲ್ಲಿ ಸೂಕ್ಷ್ಮದರ್ಶಕಕ್ಕೆ ಏನೂ ಉಳಿದಿರುವುದಿಲ್ಲ. ಒಂದು ಕಿಲೋ ಮೇವು, ಅರ್ಧ ಕಿಲೋ ಪ್ಯೂಪಾ ಜೊತೆಗಿರಲಿ. ಫಲಿತಾಂಶ ಬರುವವರೆಗೆ ಎರಡು ಶೆಡ್ಡಿಗೆ ಬೇರೆ ಬೇರೆ ಚಪ್ಪಲಿ, ಮೊದಲು ಚಿಕ್ಕ ಮರಿಗಳ ಕೆಲಸ, ಆಮೇಲೆ ಇವುಗಳದು.

ಇ ಕೊರತೆಯೇ ಆಗಿದ್ದರೆ, ಬಿದ್ದ ಮರಿ ಎದ್ದರೂ ಎದ್ದೀತು, ಏಳದೆಯೂ ಇರಬಹುದು. ಮೆದುಳಿನ ಹಾನಿ ಬಿ2 ಕೊರತೆಯಷ್ಟು ಉದಾರವಲ್ಲ. ಇನ್ನೂ ಬೀಳದವನ್ನು ಉಳಿಸಲು ಇವತ್ತೇ ಮೇವು ಬದಲಿಸಿ.

ಗೌರಿಬಿದನೂರು ಅಕ್ಕ

ಬ್ರೂಡರಿನಲ್ಲಿ (ಮರಿಗೆ ಶಾಖ ಕೊಡೋ ಜಾಗ) ಯಾವ ಬಲ್ಬು ಹಾಕಿದ್ದೀರಿ? ಕೇಳೋದಕ್ಕೆ ಕಾರಣ ಇದೆ. ಮರಿಗೆ 1ರಿಂದ 2 ವ್ಯಾಟ್ ಅನ್ನೋ ಲೆಕ್ಕ ಹಳೇ ಬಿಸಿ ಬಲ್ಬಿನದು. ಈಗ ಅಂಗಡೀಲಿ ಎಲ್‌ಇಡಿ ಕೊಡ್ತಾರೆ, ಬೆಳಕು ಅಷ್ಟೇ ಇರುತ್ತೆ, ಶಾಖ ಇರಲ್ಲ. ನಮ್ಮ ಕಡೆ ಡಿಸೆಂಬರ್ ರಾತ್ರಿ 14-15 ಡಿಗ್ರಿಗೆ ಇಳಿಯುತ್ತೆ. ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ 33-35 ಡಿಗ್ರಿ ಬೇಕು, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸ್ತಾ ಬನ್ನಿ. ಚಳಿಗೆ ಗುಂಪು ಕಟ್ಟಿ ನಿಂತ ಮರಿ ಮೇವಿನ ಹತ್ತಿರ ಹೋಗಲ್ಲ. ಮೇವಲ್ಲಿ ಏನು ವಿಟಮಿನ್ ಇದ್ದರೂ ಹೊಟ್ಟೆಗೆ ಹೋಗದಿದ್ದರೆ ಏನು ಬಂತು? ಬಲ್ಬಿನ ಕೆಳಗೆ ಒತ್ತಿಕೊಂಡಿದ್ದರೆ ಚಳಿ, ಬಾಯಿ ತೆರೆದು ಸುತ್ತಲಿನ ತಡೆಯ (ಗಾರ್ಡ್) ಅಂಚಿಗೆ ಹೋಗಿದ್ದರೆ ಸೆಖೆ, ಸಮನಾಗಿ ಹರಡಿಕೊಂಡಿದ್ದರೆ ಸರಿ.

ಇನ್ನೊಂದು, ಬರೀ ನ್ಯೂಸ್ ಪೇಪರ್ ಹಾಸಬೇಡಿ. ಕಾಲು ಜಾರಿ ಅಗಲಿಸಿದ ಮರಿಗೆ ವಿಟಮಿನ್ ಕುಡಿಸೋರು ಬಹಳ ಜನ. ಭತ್ತದ ಹೊಟ್ಟು ಎರಡು ಇಂಚು ಹಾಕಿ, ಮೇಲೆ ಗೋಣಿ ಅಥವಾ ಒರಟು ಕಾಗದ, ಮೂರ್ನಾಲ್ಕು ದಿನಕ್ಕೆ ತೆಗೆಯಿರಿ.

ಶಿಡ್ಲಘಟ್ಟ ನಾಟಿ ಫಾರಂ

ಬಲ್ಬು ಹಳೇದೇ, 100 ವ್ಯಾಟಿನ ನಾಲ್ಕು, ಮರಿ ಹರಡಿಕೊಂಡೇ ಇವೆ. ಪ್ಯೂಪಾ ಉಜ್ಜಿದರೆ ಬಣ್ಣದ ಡಬ್ಬದ ವಾಸನೆ ಬರುತ್ತಿದೆ, ಅಂಟೂ ಇದೆ. ನಿಲ್ಲಿಸಿದೆ. ಹೊಸ ಮೇವು ಹೇಗೆ ಕಲಸಬೇಕು ಹೇಳಿ. ಎ ಬಿ2 ಡಿ3 ಕೆ ಅಂತ ಪೊಟ್ಟಣ ಸಿಗುತ್ತದೆ, ಅದು ಸಾಕಾ?

ಫೀಡ್ ಮಿಕ್ಸಿಂಗ್, ಮಾಲೂರು

100 ಕಿಲೋಗೆ: ಮುಸುಕಿನ ಜೋಳ 50, ರಾಗಿ 10, ಸೋಯಾ ಹಿಂಡಿ 32, ಎಣ್ಣೆ ತೆಗೆದ ತೌಡು 4, ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) 1.7, ಸುಣ್ಣಕಲ್ಲು ಪುಡಿ 1.3, ಉಪ್ಪು 350 ಗ್ರಾಂ, ಮೆಥಿಯೋನಿನ್ 200 ಗ್ರಾಂ. ಉಳಿದ 450 ಗ್ರಾಮಿನ ಜಾಗ ವಿಟಮಿನ್, ಕೋಲಿನ್, ಸೂಕ್ಷ್ಮ ಖನಿಜ, ಕಾಕ್ಸಿ (ರಕ್ತ ಬೇಧಿ ತರೋ ಕರುಳಿನ ಪರಾವಲಂಬಿ) ತಡೆಯೋ ಔಷಧಿಗೆ. ಸಾರಾಂಶ 20 ಪರ್ಸೆಂಟ್ ಪ್ರೋಟೀನು, 1 ಪರ್ಸೆಂಟ್ ಕ್ಯಾಲ್ಸಿಯಂ ಬರುತ್ತೆ. ಜೋಳ 12 ಪರ್ಸೆಂಟ್ ತೇವಕ್ಕೆ ಒಣಗಿರಲಿ. ಬೂಷ್ಟು ಬಂದ ಜೋಳ, ಕಡಲೆಕಾಯಿ ಹಿಂಡಿಯ ಅಫ್ಲಟಾಕ್ಸಿನ್ ಅನ್ನೋ ಬೂಷ್ಟಿನ ವಿಷ ಈರಲು ಕೆಡಿಸಿ ಕೊಬ್ಬು ಜೀರ್ಣ ಆಗದ ಹಾಗೆ ಮಾಡುತ್ತೆ. ಆಗ ಕೊಬ್ಬಲ್ಲಿ ಕರಗೋ ಎ, ಡಿ, ಇ, ಕೆ ನಾಲ್ಕೂ ಹಿಕ್ಕೆಗೆ ಹೋಗ್ತವೆ.

ಪೊಟ್ಟಣದ ಲೆಕ್ಕ: ಲೇಬಲ್ ಮೇಲೆ ಗ್ರಾಂಗೆ ಬಿ2 50 ಮಿ.ಗ್ರಾಂ ಅಂತಿದ್ದರೆ, 100 ಕಿಲೋಗೆ 10 ಗ್ರಾಂ ಹಾಕಿದಾಗ ಒಟ್ಟು 500 ಮಿ.ಗ್ರಾಂ, ಅಂದರೆ ಕಿಲೋಗೆ 5. ಸಾಕು. ಆದರೆ ಹೆಸರೇ ಹೇಳುತ್ತಲ್ಲ, ಅದರಲ್ಲಿ ಇ ಇಲ್ಲ, ಬಿ1, ಬಿ6, ಬಿ12, ನಯಾಸಿನ್, ಬಯೋಟಿನ್ ಒಂದೂ ಇಲ್ಲ. ಇ ಮತ್ತು ಬಿ ಗುಂಪು ಇರೋ ಎರಡನೇ ಪೊಟ್ಟಣ ಬೇಕೇ ಬೇಕು. ಲೇಬಲ್ ಟನ್ನಿಗೆ ಎಷ್ಟು ಅಂತ ಹೇಳುತ್ತೋ ಅದರ ಹತ್ತನೇ ಒಂದು ಪಾಲು 100 ಕಿಲೋಗೆ.

ಎಡವೋದು ಕಲಸೋದ್ರಲ್ಲೇ. 10 ಗ್ರಾಂ ಪುಡಿ ನೇರ 100 ಕಿಲೋ ರಾಶಿ ಮೇಲೆ ಉದುರಿಸಿ ಸಲಿಕೆ ಆಡಿಸಿದರೆ ಒಂದು ಮರಿಗೆ ಹತ್ತು ಪಟ್ಟು, ಇನ್ನೊಂದಕ್ಕೆ ಸೊನ್ನೆ. ಪುಡಿಯನ್ನ ಮೊದಲು ಅರ್ಧ ಕಿಲೋ ಜೋಳದ ನುಚ್ಚಿಗೆ ಕಲಸಿ, ಅದನ್ನ 2 ಕಿಲೋಗೆ, ಅದನ್ನ 10 ಕಿಲೋಗೆ, ಆಮೇಲೆ ಪೂರ್ತಿ ರಾಶಿಗೆ. ಕೋಲಿನ್ ಕ್ಲೋರೈಡು, ಸೂಕ್ಷ್ಮ ಖನಿಜ ಎರಡನ್ನೂ ವಿಟಮಿನ್ ಜೊತೆ ಒಂದೇ ಡಬ್ಬದಲ್ಲಿ ಇಡಬೇಡಿ. ಕೋಲಿನ್ ಗಾಳಿಯ ತೇವ ಎಳೆದುಕೊಳ್ಳುತ್ತೆ, ತಾಮ್ರ ಕಬ್ಬಿಣ ವಿಟಮಿನ್ನನ್ನ ಕೊಲ್ಲುತ್ತೆ. ಅವನ್ನ ಬೇರೆ ನುಚ್ಚಿಗೆ ಕಲಸಿ ಕೊನೆಗೆ ರಾಶಿಯಲ್ಲಿ ಸೇರಿಸಿ. ಬೇಸಿಗೇಲಿ ಎರಡು ವಾರಕ್ಕೆ ಆಗೋವಷ್ಟೇ ಕಲಸಿ.

ಇನ್ನೊಂದು ತಪ್ಪು ಕಾಣಿಸ್ತಾ ಇರುತ್ತೆ: ಮರಿ ಮೇವು ಮುಗೀತು ಅಂತ ಮೊಟ್ಟೆ ಕೋಳಿ ಮೇವು ಹಾಕೋದು. ಅದರಲ್ಲಿ ಕ್ಯಾಲ್ಸಿಯಂ ಮೂರೂವರೆಯಿಂದ ನಾಲ್ಕು ಪರ್ಸೆಂಟ್. ಮರಿಯ ಮೂತ್ರಪಿಂಡ ಹಾಳು.

ಬಾಗೇಪಲ್ಲಿ ಗಿರಿರಾಜ

ಪ್ರೀಮಿಕ್ಸ್ ದುಡ್ಡು ಕೊಟ್ಟು ತರೋದ್ಯಾಕೆ? ನುಗ್ಗೆ ಸೊಪ್ಪು, ಕುದುರೆ ಮೆಂತೆ, ಅಜೋಲಾ ಹಾಕಿದರೆ ಎಲ್ಲಾ ವಿಟಮಿನ್ ಬರಲ್ವಾ? ಮತ್ತೆ ನಮ್ಮ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ಕಾಲು ಸೊಟ್ಟ ಆಗೋದು ಅದರಿಂದಲೇ ಅಂತ ಹೇಳ್ತಾರೆ. ನಿಜಾನಾ ಡಾಕ್ಟ್ರೇ?

ಪಶುವೈದ್ಯ, ತುಮಕೂರು

ಸೊಪ್ಪು ಒಳ್ಳೆಯದು, ಆದರೆ ಮರಿಯ ಹೊಟ್ಟೆ ಚಿಕ್ಕದು. ಒಣಗಿಸಿದ ಕುದುರೆ ಮೆಂತೆಯಲ್ಲಿ ಕಿಲೋಗೆ ಸುಮಾರು 13 ಮಿ.ಗ್ರಾಂ ಬಿ2 ಇದೆ. ನಾರಿನ ಕಾರಣ ಮರಿ ಮೇವಿಗೆ 5 ಪರ್ಸೆಂಟ್ ದಾಟಬಾರದು, ಆಗ ಸೇರುವುದು 0.65 ಮಾತ್ರ. ಒಣ ಯೀಸ್ಟಿನಲ್ಲಿ ಸುಮಾರು 35 ಇದೆ, 3 ಪರ್ಸೆಂಟ್ ಹಾಕಿದರೆ ಒಂದು ಮಿ.ಗ್ರಾಂ ಮೇಲೆ ಬರುತ್ತದೆ. ಎರಡೂ ಸೇರಿದರೂ ಶಿಡ್ಲಘಟ್ಟದವರ ಹಳೇ ಮೇವು 3.6 ಮುಟ್ಟುವುದಿಲ್ಲ. ಸೊಪ್ಪು ಪ್ರೀಮಿಕ್ಸಿನ ಜೊತೆಗೆ ಇರಲಿ, ಬದಲಿಗೆ ಬೇಡ. ಒಣಗಿಸುವುದು ನೆರಳಿನಲ್ಲಿ. ಹಸಿ ಅಜೋಲಾದಲ್ಲಿ ಬಹುಪಾಲು ನೀರೇ, ಮೂರು ವಾರದವರೆಗೆ ಚಿಟಿಕೆ ರುಚಿಗಷ್ಟೇ. ಸುಬಾಬುಲ್ ಸೊಪ್ಪು ಮಾತ್ರ ಮರಿಗೆ ಬೇಡ, ಅದರಲ್ಲಿ ಮಿಮೋಸಿನ್ ವಿಷ ಇದೆ. ಮತ್ತು ಯಾವ ಸೊಪ್ಪಿನಲ್ಲೂ ಬಿ12 ಸಿಗುವುದಿಲ್ಲ.

ಫ್ಲೋರೈಡ್ ಮನುಷ್ಯರ ಹಲ್ಲು ಮೂಳೆಗೆ ನಿಮ್ಮ ಸೀಮೆಯಲ್ಲಿ, ಪಾವಗಡದಲ್ಲಿ ಮಾಡಿರುವ ಹಾನಿ ನಿಜ. ಕೋಳಿ ಬಹಳ ತಡೆದುಕೊಳ್ಳುತ್ತದೆ. ಮೇವಿನಲ್ಲಿ ಕಿಲೋಗೆ 150 ಮಿ.ಗ್ರಾಂ ಫ್ಲೋರಿನ್ ಸಹಿಸುವ ಹಕ್ಕಿಗೆ ಲೀಟರಿಗೆ 2-5 ಮಿ.ಗ್ರಾಂ ಇರುವ ನೀರು ಕಾಲು ಸೊಟ್ಟ ಮಾಡುವುದಿಲ್ಲ. ನೀರನ್ನು ದೂರುತ್ತಾ ಕೂತರೆ ಡಿ3 ಕೊರತೆಯ ಮೆತ್ತನೆ ಮೂಳೆ ಕಣ್ಣಿಗೆ ಬೀಳುವುದಿಲ್ಲ. ಕೊಕ್ಕನ್ನು ಬೆರಳಲ್ಲಿ ಒತ್ತಿ ನೋಡಿ, ರಬ್ಬರಿನಂತೆ ಬಾಗಿದರೆ ಡಿ3, ಕ್ಯಾಲ್ಸಿಯಂ, ರಂಜಕ ಮೂರರ ಲೆಕ್ಕ ನೋಡಬೇಕು. ಗಾಜಿನ ಕಿಟಕಿಯ ಬಿಸಿಲಿಂದ ಡಿ3 ಹುಟ್ಟುವುದಿಲ್ಲ, ನೇರ ಬಿಸಿಲು ಬೇಕು. ಔಷಧಿ ಅಂಗಡಿಯ ಡಿ2 ಹನಿ ಕೋಳಿಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ, ಡಿ3 ಎಂದೇ ಬರೆದಿರಬೇಕು.

ಬೋರ್ ನೀರಲ್ಲಿ ನೋಡಬೇಕಾದ್ದು ಗಡಸುತನ, ಕಬ್ಬಿಣ, ನೀವು ಹಾಕುವ ಕ್ಲೋರಿನ್. ವಿಟಮಿನ್ ಕೊಡುವ ನೀರಿಗೆ ಕ್ಲೋರಿನ್ ಹಾಕಬೇಡಿ. ಬಿಸಿಲಲ್ಲಿರುವ ಸಿಂಟೆಕ್ಸಿಗೆ ಸುರಿಯಬೇಡಿ. ಮರಿಗಳು ನಾಲ್ಕು ಗಂಟೆಯಲ್ಲಿ ಕುಡಿದು ಮುಗಿಸುವಷ್ಟು ನೀರಿಗೆ ಇಡೀ ದಿನದ ಡೋಸು ಹಾಕಿ, ನೆರಳಲ್ಲಿ ಇಡಿ, ಆಮೇಲೆ ಬರೀ ನೀರು. ನಿಪ್ಪಲ್ ಲೈನ್ (ಮರಿ ಕೊಕ್ಕಿನಿಂದ ಒತ್ತಿ ಕುಡಿಯುವ ನೀರಿನ ಪೈಪು) ಇದ್ದರೆ ಕೋರ್ಸು ಮುಗಿದ ದಿನವೇ ತೊಳೆಯಿರಿ, ವಿಟಮಿನ್ ದ್ರಾವಣದ ಸಕ್ಕರೆ ಅಂಶಕ್ಕೆ ಪೈಪಿನೊಳಗೆ ಲೋಳೆ ಬೆಳೆಯುತ್ತದೆ.

ಡೋಸನ್ನು ಲೀಟರಿಗೆ ಇಷ್ಟು ಎಂದು ಹಾಕುವ ಬದಲು ಮರಿಗೆ ಇಷ್ಟು ಎಂದು ಹಾಕಿ. 220 ಮರಿಗೆ 0.1 ಮಿ.ಗ್ರಾಂನಂತೆ ದಿನಕ್ಕೆ 22 ಮಿ.ಗ್ರಾಂ ಬಿ2. ಬಿ2 ಇರುವ ದ್ರಾವಣದ ಲೇಬಲ್ ಮೇಲೆ 5 ಮಿಲಿಗೆ 2.5 ಮಿ.ಗ್ರಾಂ ಇದ್ದರೆ 44 ಮಿಲಿ. ಹೊಸ ಮೇವು ಹೊಟ್ಟೆ ಸೇರಿ ಐದು ದಿನ ಆಗುವವರೆಗೆ ಸಾಕು. ಲೀಟರ್ ಲೆಕ್ಕದಲ್ಲಿ ಹೋದರೆ ಬೇಸಿಗೆಯಲ್ಲಿ ಮರಿ ಎರಡು ಪಟ್ಟು ಕುಡಿದು ಎ, ಡಿ3 ಎರಡು ಪಟ್ಟು ಒಳಗೆ ಹೋಗುತ್ತದೆ. ಬಿ ಗುಂಪಿನ ಹೆಚ್ಚುವರಿ ಹೊರಗೆ ಹೋಗುತ್ತದೆ. ಎ ಹೋಗುವುದಿಲ್ಲ, ಈರಲಲ್ಲಿ ಕೂತು ಡಿ, ಇ, ಕೆ ಹೀರುವಿಕೆಗೆ ಅಡ್ಡ ಬರುತ್ತದೆ. ಡಿ3 ಅತಿಯಾದರೆ ಮೂತ್ರಪಿಂಡದಲ್ಲಿ ಸುಣ್ಣ ಕಟ್ಟುತ್ತದೆ.

ಬಾಗೇಪಲ್ಲಿ ಗಿರಿರಾಜ

ಇನ್ನೊಂದು ಡಾಕ್ಟ್ರೇ. 22 ದಿನದ ಮರಿ, ರಕ್ತ ಬೇಧಿ. ಕಾಕ್ಸಿ ಔಷಧಿ ಆಂಪ್ರೋಲಿಯಂ ಜೊತೆ ಶಕ್ತಿ ಬರಲಿ ಅಂತ ಬಿ ಕಾಂಪ್ಲೆಕ್ಸ್ ಕೊಡಬಹುದಾ?

ಪಶುವೈದ್ಯ, ತುಮಕೂರು

ಬೇಡ. ಆಂಪ್ರೋಲಿಯಂ ಕೆಲಸ ಮಾಡುವುದೇ ಬಿ1ರ ವೇಷ ಹಾಕಿ. ಕಾಕ್ಸಿ ಜೀವಿ ಅದನ್ನು ಬಿ1 ಎಂದು ತೆಗೆದುಕೊಂಡು ಸಾಯುತ್ತದೆ. ನೀವು ನಿಜವಾದ ಬಿ1 ಕೊಟ್ಟರೆ ಅದಕ್ಕೆ ಊಟ ಹಾಕಿದಂತೆ. 20 ಪರ್ಸೆಂಟ್ ಪುಡಿಯಾದರೆ ಲೀಟರಿಗೆ 1.2 ಗ್ರಾಂ, ಅದೊಂದೇ ನೀರು, 3ರಿಂದ 5 ದಿನ, ಆಮೇಲೆ ಲೀಟರಿಗೆ 0.3 ಗ್ರಾಂ ಒಂದು ವಾರ. ಒದ್ದೆ ಲಿಟ್ಟರ್ (ನೆಲದ ಹಾಸು) ತೆಗೆಯಿರಿ. ಈ ದಿನಗಳಲ್ಲಿ ಎ ಮತ್ತು ಕೆ ಮಾತ್ರ ಇರುವುದನ್ನು ಕೊಡಬಹುದು, ಕರುಳಿನ ಗಾಯಕ್ಕೂ ರಕ್ತಸ್ರಾವಕ್ಕೂ ಅನುಕೂಲ. ಸಲ್ಫಾ ಔಷಧಿ ಕೊಡುತ್ತಿದ್ದರಂತೂ ಕೆ ಮರೆಯಬೇಡಿ, ಸಲ್ಫಾ ಬಹಳ ದಿನ ಕೊಟ್ಟರೆ ರಕ್ತ ಹೆಪ್ಪುಗಟ್ಟುವುದೇ ಕಡಿಮೆಯಾಗುತ್ತದೆ. ಬಿ ಕಾಂಪ್ಲೆಕ್ಸ್ ಕೋರ್ಸು ಮುಗಿದ ಮೇಲೆ. ಡೋಸು ಮೀರಿದರೆ ಮರಿಗೇ ಬಿ1 ಕೊರತೆಯಾಗಿ ತಲೆ ಬೆನ್ನಿಗೆ ಹತ್ತಿಸಿ ಆಕಾಶ ನೋಡುತ್ತಾ ಕೂರುತ್ತದೆ. ಆಗ ಬಿ1 ಕೊಟ್ಟರೆ ಕೆಲವೇ ಗಂಟೆಯಲ್ಲಿ ತಲೆ ಇಳಿಯುತ್ತದೆ.

ಬಿ1 ಕಥೆ ಶುರುವಾದದ್ದೇ ಕೋಳಿಯಿಂದ. 1890ರ ದಶಕದಲ್ಲಿ ಜಾವಾದಲ್ಲಿ ಐಕ್‌ಮನ್ ಅವರು ಪಾಲಿಷ್ ಅಕ್ಕಿ ತಿಂದ ಕೋಳಿಗಳಿಗೆ ಕಾಲು ಬಿದ್ದುಹೋಗುವುದನ್ನೂ, ತೌಡು ಸಮೇತ ಅಕ್ಕಿ ಕೊಟ್ಟರೆ ಏಳುವುದನ್ನೂ ಕಂಡರು. 1929ರಲ್ಲಿ ಅವರಿಗೆ ನೊಬೆಲ್ ಬಂತು. ಅನ್ನ ಮಿಕ್ಕಿದ್ದನ್ನೇ ಮರಿಗೆ ಮುಖ್ಯ ಮೇವಾಗಿ ಹಾಕುವವರು ಇದನ್ನು ನೆನಪಿಡಬೇಕು.

ಹ್ಯಾಚರಿ, ಕುಣಿಗಲ್

ಶಿಡ್ಲಘಟ್ಟದವರೇ, ಮರಿ ಎಲ್ಲಿಂದ ಬಂದವು ಅಂತಲೂ ನೋಡಿ. ಮರಿ ತರುವ ಮೊಟ್ಟೆಯ ತಾಯಿ ಕೋಳಿಗೆ ಮಾಮೂಲಿ ಮೊಟ್ಟೆ ಕೋಳಿ ಮೇವು ಹಾಕುತ್ತಿದ್ದರೆ, ಅದರಲ್ಲಿ ಬಿ2 ಕಿಲೋಗೆ ಎರಡೂವರೆ ಇದ್ದರೂ ಮೊಟ್ಟೆ ಇಡುತ್ತದೆ. ಮರಿ ಮಾಡುವ ಮೊಟ್ಟೆಗೆ 3.6 ಬೇಕು. ಇನ್‌ಕ್ಯುಬೇಟರಿನಲ್ಲಿ ಒಡೆಯದ ಮೊಟ್ಟೆ ಒಡೆದು ನೋಡಿ. ಒಳಗಿನ ಮರಿಯ ತುಪ್ಪಳ ಗಂಟು ಗಂಟಾಗಿ ಸುರುಳಿ ಸುತ್ತಿದ್ದರೆ ತಾಯಿಯದೇ ಕೊರತೆ. ತಾಯಿ ಮೇವು ಸರಿ ಮಾಡಿ ಒಂದೆರಡು ವಾರ ಆದಮೇಲಿನ ಮೊಟ್ಟೆಯನ್ನೇ ಮರಿಗೆ ಇಡಿ.

ದೂರದಿಂದ ಬಂದ ಮರಿಗೆ ಮೊದಲು ನೀರು, ಒಂದೆರಡು ಗಂಟೆ ಬಿಟ್ಟು ಮೇವು. ಬೆಲ್ಲದ ನೀರು ಆ ಮೊದಲ ಕೆಲವು ಗಂಟೆಗೆ ಮಾತ್ರ, ದಿನಗಟ್ಟಲೆ ಕೊಟ್ಟರೆ ಹಿಂಭಾಗ ಅಂಟಿ ಮುಚ್ಚಿಹೋಗುತ್ತದೆ. ಲಸಿಕೆಯನ್ನು ನೀರಲ್ಲಿ ಕೊಡುವ ದಿನ ವಿಟಮಿನ್, ಕ್ಲೋರಿನ್ ಯಾವುದನ್ನೂ ಆ ನೀರಿಗೆ ಬೆರೆಸಬೇಡಿ. ಲೀಟರಿಗೆ ಎರಡೂವರೆ ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಕರಗಿಸಿ, ಆಮೇಲೆ ಲಸಿಕೆ.

ಗೌರಿಬಿದನೂರು ಅಕ್ಕ

ಬೇಸಿಗೇಲಿ ವಿಟಮಿನ್ ಸಿ ಬೇಕಾ ಬೇಡ್ವಾ?

ಪಶುವೈದ್ಯ, ತುಮಕೂರು

ಕೋಳಿ ಸಿ ಅನ್ನು ತಾನೇ ತಯಾರಿಸಿಕೊಳ್ಳುತ್ತದೆ, ಹಾಗಾಗಿ ವರ್ಷಪೂರ್ತಿ ಬೇಡಮ್ಮ. ಏಪ್ರಿಲ್-ಮೇ ಬಿಸಿಲಲ್ಲಿ ಅದು ಮಾಡಿಕೊಳ್ಳುವುದು ಸಾಲುವುದಿಲ್ಲ, ಆಗ ಮೇವಿನ ಕಿಲೋಗೆ 200-250 ಮಿ.ಗ್ರಾಂ. ಅದಕ್ಕೂ ಮುಂಚೆ ನೆರಳು, ಗಾಳಿ, ತಣ್ಣನೆ ನೀರು.

ಶಿಡ್ಲಘಟ್ಟ ನಾಟಿ ಫಾರಂ

ಎಲ್ಲರಿಗೂ ಧನ್ಯವಾದ. ಸತ್ತ ಮರಿ, ಮೇವು, ಪ್ಯೂಪಾ ಮೂರೂ ಇವತ್ತೇ ಆಸ್ಪತ್ರೆಗೆ. ಉಳಿದ ಎರಡು ಮೂಟೆ ಪ್ಯೂಪಾ ದೊಡ್ಡ ಕೋಳಿಗೆ ಹಾಕಲಾ?

ಫೀಡ್ ಮಿಕ್ಸಿಂಗ್, ಮಾಲೂರು

ಬೇಡ ಅಣ್ಣ. ದೊಡ್ಡವು ಬೀಳದೇ ಇರಬಹುದು, ಆದರೆ ಮೊಟ್ಟೆಯಲ್ಲಿ ಇ ಕಡಿಮೆಯಾಗಿ ಮುಂದಿನ ಮರಿಗೆ ಬರುತ್ತೆ. ಗುಂಡಿಗೆ ಹಾಕಿ, ಸಗಣಿ ಮಣ್ಣು ಬೆರೆಸಿ ಕೊಳೆಸಿ, ಹಿಪ್ಪುನೇರಳೆ ತೋಟಕ್ಕೆ ಒಳ್ಳೇ ಗೊಬ್ಬರ. ಗುಂಡಿ ರೇಷ್ಮೆ ಹುಳು ಸಾಕೋ ಮನೆಯಿಂದ ದೂರ ಇರಲಿ, ಮೇಲೆ ಅರ್ಧ ಅಡಿ ಮಣ್ಣು ಮುಚ್ಚಿ. ಇಲ್ಲಾಂದ್ರೆ ಬಿಟ್ಟ ಕೋಳಿ ಕೆದಕಿ ಅದನ್ನೇ ತಿಂತಾವೆ.